ಉಡ ಹೊಕ್ಕ ಮನೆ

ಕಸ್ತೂರೆವ್ವ ಜೇಲು ಕಂಡ ಹೆಂಗಸು. ಹಿಂದೆ ಗುಡ್ಡಕ್ಕೆ ಗಣಿಯವರು ಬಂದಾಗ ಮುಂಡರಗಿ ರಸ್ತೆಗೆ ಅಡ್ಡ ಮಲಗಿದ್ದಳು; ಎತ್ತಿ ಒಯ್ಯುವಷ್ಟರಲ್ಲಿ ಪೊಲೀಸರಿಗೆ ಏದುಸಿರು ಬಂದಿತ್ತು.

ಈಗ ಅದೇ ಗುಡ್ಡದ ಬುಡದಲ್ಲಿ ಕಲ್ಲಿನ ಕ್ವಾರಿ. ಸಂಘಟನೆಯ ಹುಡುಗ ದುರ್ಗೇಶ ಅದರ ವಿರುದ್ಧದ ಮೆರವಣಿಗೆಗೆಂದು ಗದಗಿನಲ್ಲಿ ಬ್ಯಾನರ್ ಮಾಡಿಸಿ ತಂದ. ಅದರ ತುಂಬ ಒಂದೇ ಹಕ್ಕಿ: ಬಂಡೆಗಳ ನಡುವೆ ಹಾಡುವ, ಮುಷ್ಟಿಗಾತ್ರದ ಹಳದಿ ಕೊರಳಿನ ಪಿಕಳಾರ.

ಕಸ್ತೂರೆವ್ವ ಕೇಳಿದಳು, “ಉಡ ಎಲ್ಲೈತೋ? ಅದೂ ಅದ ಕಲ್ಲಿನ ಸಂದಿನಾಗ ಬದುಕತೈತಿ. ಅದೂ ಕಡಿಮಿ ಆಗೈತಿ.”

“ಆಯೀ, ಉಡದ ಚಿತ್ರ ಹಾಕಿದ್ರ ಒಬ್ಬರೂ ಬರಂಗಿಲ್ಲ. ಅಪಶಕುನ ಅಂತಾರ.”

“ಅಂದ್ರ ಹಾಡಾಕ ಬರೂವವರಿಗಷ್ಟ ಮೆರವಣಿಗಿ ಅನ್ನು!”

ಮೆರವಣಿಗೆಯ ಬೆಳಿಗ್ಗೆಯೇ ಕ್ವಾರಿಯಲ್ಲಿ ಮದ್ದು ಸಿಡಿಯಿತು. ಹಕ್ಕಿಗಳು ಎದ್ದು ಹಾರಿದವು. ರೆಕ್ಕೆಯಿಲ್ಲದ ಉಡವೊಂದು ಹೊಲ ದಾಟಿ ಬಂದು ಕಸ್ತೂರೆವ್ವನ ಅಡುಗೆಮನೆ ಹೊಕ್ಕಿತು. ಅವಳು ಹಿತ್ತಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬಂದಳು.

ಆಗಲೇ ಊರು ಕೂಡಿತ್ತು. ಉಡ ಹೊಕ್ಕ ಮನೆ ಹಾಳು. ಉಡವನ್ನು ಕೊಲ್ಲಬೇಕು, ಇಲ್ಲವೇ ಮನೆ ಬಿಡಬೇಕು ಎಂಬುದು ಅಲ್ಲಿಯ ನಂಬಿಕೆ. ಎಲ್ಲರ ಮುಂದೆ ಬಡಿಗೆ ಹಿಡಿದು ನಿಂತವನು ಭಜನಾ ಮೇಳದ ಪುಂಡಲೀಕಪ್ಪ. ಅವನು ಭಜನೆಗೆ ಬಾರಿಸುವ ದಮ್ಮಡಿಯ ಚರ್ಮ ಹರಿದಿತ್ತು; ಅದಕ್ಕೆ ಉಡದ ಚರ್ಮವೇ ಆಗಬೇಕೆಂದು ಅವನ ಹಟ.

“ಬಾಜೂಕ ಸರಿ ಯಕ್ಕಾ, ಮನಿ ಹಾಳಾಗತೈತಿ.”

ಕಸ್ತೂರೆವ್ವ ಹೊಸ್ತಿಲಿಗೆ ಅಡ್ಡ ಕುಳಿತಳು. “ಕ್ವಾರಿ ಮದ್ದಿಗೆ ನನ್ನ ಗ್ವಾಡಿ ಸೀಳಿದಾಗ ಒಬ್ಬರರ ಬಡಿಗಿ ತಂದ್ರೇನ್ಲೇ? ಅವರು ಅದರ ಮನಿ ಹೊಕ್ಕಾರ, ಅದು ನನ್ನ ಮನಿ ಹೊಕ್ಕೈತಿ. ನಾ ಮನಿ ಬಿಡಂಗಿಲ್ಲ, ಅದನ್ನೂ ಕೊಡಂಗಿಲ್ಲ.”

“ಹಕ್ಕಿ ಆಗಿದ್ರ ಮಾತು ಬ್ಯಾರೆ. ಹಾಡತೈತಿ. ಇದು ಬರೇ ಬುಸ್ ಅಂತೈತಿ.”

“ಸತ್ತ ಮ್ಯಾಲೆ ನಿನ್ನ ಕೈಯಾಗ ಹಾಡಬೇಕೇನು? ಆಡಿನ ಚರ್ಮ ಹಾಕು. ದೇವರೇನು ಮೂಸಿ ನೋಡತಾನ?”

ಮಂದಿ ನಕ್ಕರು. ಪುಂಡಲೀಕಪ್ಪ ಮುಂದೆ ಬಂದ.

“ನನ್ನ ಎತ್ತಿ ಒಗೆದು ಒಳಗ ಹೋಗು. ನಾ ಎಷ್ಟು ಭಾರ ಅದೀನಂತ ಪೊಲೀಸರನ್ನ ಕೇಳಿಕೊಂಡು ಬಾ.”

ಅವನು ನಿಂತ. “ಹಂಗಾದ್ರ ಅದು ಹೊರಗ ಬರೂತನಕ ನಾ ಇಲ್ಲಿಂದ ಏಳಂಗಿಲ್ಲ.”

“ಏಳಬ್ಯಾಡ. ರಸ್ತೆದಾಗ ಕುಂಡ್ರು.”

ಕ್ವಾರಿಯ ದಾರಿ ಅವಳ ಬಾಗಿಲ ಮುಂದೆಯೇ ಹಾಯುತ್ತಿತ್ತು. ಪುಂಡಲೀಕಪ್ಪ ಕುಳಿತ, ಉಡ ನೋಡಲು ಬಂದ ಊರೂ ಕುಳಿತಿತು. ಕರೆಯಲು ಬಂದ ದುರ್ಗೇಶ ಆ ಗುಂಪು ನೋಡಿ ಬ್ಯಾನರನ್ನು ಅಲ್ಲೇ ಕಟ್ಟಿದ. ಟಿಪ್ಪರುಗಳು ಬಂದು ಹಾರ್ನ್ ಹೊಡೆದವು. ಸಂಜೆಯವರೆಗೂ ಒಂದು ಕಲ್ಲೂ ಹೋಗಲಿಲ್ಲ.

ಉಡ ಯಾವಾಗಲೋ ಹಿತ್ತಲ ಬಾಗಿಲಿಂದ ಕಳ್ಳಿಬೇಲಿ ಸೇರಿತ್ತು. ಕಸ್ತೂರೆವ್ವ ಯಾರಿಗೂ ಹೇಳಲಿಲ್ಲ.