ಕುದುರೆಯೂ ಅಲ್ಲ, ನಾಯಿಯೂ ಅಲ್ಲ

ನನ್ನ ಬಣ್ಣ ಹಿಡಿದು ಆಡಿಕೊಂಡವರನ್ನು ನಾನು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ. ಹಾಗಾಗಿ ನಮ್ಮ ಶಾಲೆಯ ಇಂಗ್ಲಿಷ್ ಮಾಸ್ತರರು ಎಲ್ಲರೆದುರು, "ಅಕ್ಕೋರ, ಈ ಸಲ ನೀವ ಡಾರ್ಕ್ ಹಾರ್ಸ್ ನೋಡ್ರಿ" ಎಂದಾಗ ನನಗೆ ಕೇಳಿಸಿದ್ದು ಕರೀ ಕುದುರಿ ಅಂತಲೇ.

"ನಿಮ್ಮ ಬಣ್ಣೇನು ಜೋಳದ ಹಿಟ್ಟಿನಂಗ ಐತೇನ್ರಿ ಸರ್?" ಎಂದೆ. ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

ಆಗ ನಾನು ತಾಲ್ಲೂಕಿನ ನಮ್ಮ ಶಿಕ್ಷಕರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೆ. ಅದುವರೆಗೆ ಅಲ್ಲಿ ಹೆಂಗಸರು ಯಾರೂ ನಿಂತಿರಲಿಲ್ಲ. ನನಗಿದ್ದ ಕಾರಣ ಒಂದೇ. ಸಂಘದ ಸಭೆ ಕೊಪ್ಪಳದಲ್ಲಿ ಸಂಜೆ ಏಳಕ್ಕೆ ಸೇರುತ್ತಿತ್ತು. ಇರಕಲ್ಲಗಡದ ಕಡೆಯ ಅಕ್ಕೋರು, ಅಂದರೆ ನಮ್ಮಂಥ ಶಿಕ್ಷಕಿಯರು, ಅಲ್ಲಿ ಕೂತರೆ ಊರಿಗೆ ಮರಳಲು ಬಸ್ಸಿರುತ್ತಿರಲಿಲ್ಲ. ಹೀಗಾಗಿ ನಮ್ಮ ವರ್ಗಾವಣೆ, ನಮ್ಮ ರಜೆ, ಎಲ್ಲವನ್ನೂ ಗಂಡಸರೇ ಮಿರ್ಚಿ ಭಜಿ ತಿನ್ನುತ್ತ ತೀರ್ಮಾನಿಸುತ್ತಿದ್ದರು. ಹೊತ್ತು ಬದಲಿಸಿ ಎಂದು ಕೇಳಿ ಕೇಳಿ ಸಾಕಾಗಿ, ಬದಲಿಸುವ ಕುರ್ಚಿಗೇ ಕೈ ಹಾಕಿದ್ದೆ.

ಪಾಪ, ಮಾಸ್ತರರು ಕೈ ಮುಗಿದು ಅರ್ಥ ಬಿಡಿಸಿದರು. ಡಾರ್ಕ್ ಹಾರ್ಸ್ ಎಂದರೆ ಯಾರಿಗೂ ಗೊತ್ತಿಲ್ಲದ, ಗೆದ್ದರೂ ಗೆಲ್ಲಬಹುದಾದ ಕುದುರೆಯಂತೆ. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ನನ್ನ ಸಿಟ್ಟು ಇಳಿಯುವ ಬದಲು ಏರಿತು. ಬಣ್ಣದ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ಗೊತ್ತಿಲ್ಲದವಳೇ ನಾನು? ಊರೂರಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು?

"ಹಂಗಾದ್ರ ಅಂಡರ್‌ಡಾಗ್ ಅನ್ರಿ" ಎಂದು ಗಣಿತದ ಮಾಸ್ತರರು ಸಮಾಧಾನಕ್ಕೆ ಬಂದರು. ಸೋಲುತ್ತಾರೆಂದು ಎಲ್ಲರೂ ಎಣಿಸಿದವರಿಗೆ ಹಾಗೆನ್ನುತ್ತಾರಂತೆ. ಕುದುರೆಯಿಂದ ನಾಯಿಗೆ ಇಳಿಸಿದರು. ನನ್ನ ಮುಖ ನೋಡಿ, "ತಪ್ಪು ತಿಳಿಬ್ಯಾಡ್ರಿ. ನೀವು ಗೆಲ್ಲೂದು ಲಾಂಗ್ ಶಾಟ್ ಐತಿ ಅಂತ ಅಷ್ಟ" ಎಂದರು.

ಅದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ಬೆಟ್ಟಕ್ಕೆ ಕೂದಲು ಕಟ್ಟಿ ಎಳಿ, ಬಂದರೆ ಬೆಟ್ಟ, ಹೋದರೆ ಕೂದಲು ಅನ್ನುತ್ತೇವಲ್ಲ, ಅದೇ. ನಮ್ಮ ಗಾದೆ ಎಷ್ಟೋ ವಾಸಿ, ಅದರಲ್ಲಿ ಎಳೆಯುವವರು ಮನುಷ್ಯರು. ನನ್ನ ತಲೆಯಲ್ಲಿ ಕೂದಲಿಗೇನೂ ಕೊರತೆ ಇರಲಿಲ್ಲ.

ಎಳೆದೆ. ಶಾಲೆ ಬಿಟ್ಟ ಮೇಲೆ ಹಳ್ಳಿ ಹಳ್ಳಿ ಸುತ್ತಿದೆ. "ನಾವು ಓಟ್ ಹಾಕಿದ್ರ ಏನ್ ಆಕ್ಕೈತ್ರಿ?" ಎಂದವರ ಮನೆಗೆ ಮತ್ತೆ ಹೋದೆ. ಮತದಾನ ರವಿವಾರ ಹಗಲಿತ್ತು. ಅಕ್ಕೋರು ಟಂಟಂ ಆಟೋ ತುಂಬಿಕೊಂಡು ಬಂದರು, ಕೆಲವರ ಕಂಕುಳಲ್ಲಿ ಕೂಸು.

ಗೆದ್ದೆ. ಇಂಗ್ಲಿಷ್ ಮಾಸ್ತರರೇ ಮೊದಲು ಮಾಲೆ ತಂದರು. "ಭಾಳ ದೊಡ್ಡ ಅಪ್‌ಸೆಟ್ ಆತ್ರಿ ಅಕ್ಕೋರ" ಎಂದರು. ಯಾರೂ ಎಣಿಸದವರು ಗೆದ್ದರೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರಂತೆ. ನಮ್ಮ ಕಡೆ ಅಪ್‌ಸೆಟ್ ಆದವರೆಂದರೆ ಮುಖ ಸಣ್ಣ ಮಾಡಿಕೊಂಡು ಕೂತವರು. ಅಂಥವರು ಹಿಂದಿನ ಸಾಲಿನಲ್ಲಿ ಬೇಕಾದಷ್ಟು ಜನ ಇದ್ದರು.

"ನಾ ಆಗಿಲ್ರಿ ಸರ್" ಎಂದೆ. "ಆದವರಿಗೆಲ್ಲ ಹೇಳ್ರಿ, ಮುಂದಿನ ಮೀಟಿಂಗ್ ರವಿವಾರ ಮುಂಜಾನಿ ಹನ್ನೊಂದಕ್ಕ ಐತಿ."