ಗಿರಣಿ ಬಾಗಿಲಿನ ಕೆಮ್ಮು

ಗಿರಣಿಯ ಬಾಗಿಲಲ್ಲಿ ನಾನು ಕೆಮ್ಮುವುದಿಲ್ಲ. ದೇವರ ಮನೆಯ ಮಡಿಗಿಂತ ಹೆಚ್ಚಾಗಿ ಪಾಲಿಸಿಕೊಂಡು ಬಂದಿರುವ ನಿಯಮ ಇದು. ಕಳೆದ ವಾರ ರಾಣೆಬೆನ್ನೂರಿನ ನಮ್ಮ ಓಣಿಯ ಹಿಂದಿನ ಗಿರಣಿಗೆ ಖಾರ ಕುಟ್ಟಿಸಲು ಡಬ್ಬಿ ಹಿಡಿದು ಹೋಗಿದ್ದೆ. ಬಾಗಿಲಿಗೆ ಬಂದದ್ದೇ ತಡ, ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ಗಂಟಲಿಗೆ ಇಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣು ಮೂಗು ಸುರಿಸುತ್ತಾ ರಸ್ತೆ ದಾಟಿ, ಆಚೆ ಬದಿಯ ಪಂಚರ್ ಅಂಗಡಿಯ ಮುಂದೆ ನಿಂತು ಮನದಣಿಯೆ ಕೆಮ್ಮಿ ತಿರುಗಿ ಬಂದೆ. ಗಿರಣಿಯಲ್ಲಿ ಕಾಳು ಸುರಿಯುವ ಹುಡುಗಿ ಬಿದ್ದು ಬಿದ್ದು ನಕ್ಕಳು.

“ಇಲ್ಲೇ ಕೆಮ್ಮರಿ ಆಂಟಿ, ಯಾರೇನಂತಾರ? ಕೆಮ್ಮಾಕ ಅಲ್ಲೀತನಾ ಹೋಗಬೇಕೇನು?”

ಆ ಹುಡುಗಿಗೆ ಏನು ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ಎಂಬತ್ತರ ದಶಕದ ಕೊನೆಯ ಮಾತು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ, ಎಲ್ಲದಕ್ಕೂ ಧಾರವಾಡದ ಕಡೆ ಮುಖ ಮಾಡುವ ಕಾಲ. ನಾನು ಬ್ಯಾಡಗಿ ತಾಲೂಕಿನಲ್ಲಿ ಆರೋಗ್ಯ ಸಹಾಯಕಿ. ಕಾಗಿನೆಲೆ ಬಸ್ಸು ಹತ್ತಿ ನಡುವೆ ಇಳಿದು, ಹೆಗಲಿಗೆ ಲಸಿಕೆಯ ಪೆಟ್ಟಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುವುದು ಕೆಲಸ. ಮಕ್ಕಳಿಗೆ ಸೂಜಿ, ಬಸುರಿಯರಿಗೆ ಕಬ್ಬಿಣದ ಗುಳಿಗೆ, ಉಳಿದವರಿಗೆಲ್ಲ ಉಪದೇಶ. ಉಪದೇಶ ಮಾತ್ರ ನನ್ನಲ್ಲಿ ಎಂದೂ ಖಾಲಿಯಾದದ್ದಿಲ್ಲ. ನನ್ನನ್ನು ದೂರದಿಂದ ಕಂಡರೆ ಕೆಲವರು ಹಿತ್ತಿಲ ಬಾಗಿಲಿನಿಂದ ಪಾರಾಗುತ್ತಿದ್ದರು ಎಂಬುದು ನನಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಆರೋಗ್ಯ ಕೇಂದ್ರದ ಮುಂದೆ ಟೆಂಪೋ ನಿಂತಿತು. ಯಾವುದೋ ಊರಿನ ಗಿರಣಿಯಲ್ಲಿ ಪಟ್ಟಾ ಒಬ್ಬ ಹೆಣ್ಣುಮಗಳ ಸೆರಗು ಹಿಡಿದಿತ್ತು. ಪಟ್ಟಾ ಎಂದರೆ ಇಂಜಿನ್ನಿನ ಗಾಲಿಯಿಂದ ಬೀಸುವ ಕಲ್ಲಿನವರೆಗೆ ಸುತ್ತುವ ಅಗಲವಾದ ಬೆಲ್ಟು. ಸೆರಗಿನ ಹಿಂದೆ ಹೆರಳು ಹೋಗಿತ್ತು. ಅದನ್ನು ಬಿಡಿಸಿ ಬರೆಯಲಾರೆ. ನಾವು ಬಟ್ಟೆ ಒತ್ತಿ ಕಟ್ಟಿ ಹಾವೇರಿಗೆ ಸಾಗಿಸಿದೆವು. ಜೀವ ಉಳಿಯಿತು ಎಂದು ಆಮೇಲೆ ತಿಳಿಯಿತು. ಟೆಂಪೋದಲ್ಲಿ ಆಕೆ ನನ್ನ ಕೈ ಹಿಡಿದು “ನನ್ನ ಕೂದಲಾ ಎಲ್ಲಿ ಐತ್ರಿ?” ಎಂದು ಕೇಳಿದ್ದಳು. ಆ ಪ್ರಶ್ನೆ ಬಹಳ ದಿನ ನನ್ನನ್ನು ಉಣ್ಣಲು ಬಿಡಲಿಲ್ಲ.

ಅಂದಿನಿಂದ ನನ್ನ ಉಪದೇಶದ ಗಂಟಿಗೆ ಗಿರಣಿಯೂ ಸೇರಿತು. ಡಾಕ್ಟರರು ಒಪ್ಪಿ ಯಂತ್ರದ ಸುರಕ್ಷತೆಯ ಒಂದು ಚಿತ್ರದ ಪಟ ತರಿಸಿಕೊಟ್ಟರು. ಅದರಲ್ಲಿದ್ದವನು ಪ್ಯಾಂಟು ತೊಟ್ಟು, ತಲೆಗೆ ಟೊಪ್ಪಿಗೆ ಇಟ್ಟು, ಕಾರ್ಖಾನೆಯ ಮುಂದೆ ನಗುತ್ತಾ ನಿಂತ ಗಂಡಸು. ಅದನ್ನು ಹಳ್ಳಿಯ ಹೆಣ್ಣುಮಕ್ಕಳ ಮುಂದೆ ಬಿಚ್ಚಿದರೆ ಒಬ್ಬಾಕೆ, “ಚಂದ ಅದಾನ್ರಿ, ನಿಮ್ಮ ಮನಿಯವರೇನ್ರಿ?” ಎಂದಳು. ಪಟ ಸುತ್ತಿಟ್ಟೆ. ಬರೇ ಬಾಯಿಂದ ಹೇಳತೊಡಗಿದೆ: ಸೆರಗು ಸೊಂಟಕ್ಕೆ ಸಿಗಿಸಿರಿ, ಹೆರಳು ತುರುಬು ಕಟ್ಟಿರಿ, ಪಟ್ಟಾದ ಹತ್ತಿರ ಕೂಸು ಕರೆದುಕೊಂಡು ಬರಬೇಡಿರಿ.

ಆ ಸುತ್ತಿನ ಒಂದು ಊರಲ್ಲಿ ಶಂಕ್ರಪ್ಪನ ಗಿರಣಿ ಇತ್ತು. ಡೀಸೆಲ್ ಇಂಜಿನ್ನು, ಕುಕ್ ಕುಕ್ ಎಂದು ಊರಾಚೆಗೂ ಕೇಳುವ ಸದ್ದು. ಶಂಕ್ರಪ್ಪ ಎತ್ತರದ ಆಳು, ಬಿಳಿ ಅಂಗಿ, ತಲೆಗೆ ಸುತ್ತಿದ ವಸ್ತ್ರ, ಮಾತು ಕಡಿಮೆ. ಮಂಡಿನೋವು ಹೆಚ್ಚಾಗಿ, ಮಗ ಹೊಲಕ್ಕೆ ಹೋಗಬೇಕಾಗಿ, ಗಿರಣಿಯೊಳಗಿನ ಕೆಲಸ ಸೊಸೆ ಗಂಗವ್ವನ ಪಾಲಿಗೆ ಬಂದಿತ್ತು. ಗಂಗವ್ವ ಚುರುಕಿನವಳು. ನಗುತ್ತಲೇ ಬುಟ್ಟಿ ಎತ್ತುವಳು, ಜೋಳ ಸುರಿಯುವಳು, ಹಿಟ್ಟು ಬೆರಳಲ್ಲಿ ತಿಕ್ಕಿ ನೋಡುವಳು. ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಪಟ್ಟಾ ಓಡುತ್ತಿರುತ್ತಿತ್ತು.

“ದಿನಾ ಇಲ್ಲೇ ಇರ್ತೇನ್ರಿ ಅಕ್ಕಾರ. ಪಟ್ಟಾಕ್ಕ ನನ್ನ ಗುರ್ತ ಐತಿ, ಏನೂ ಮಾಡೂದಿಲ್ಲ” ಎನ್ನುವಳು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಸೆರಗು ಸಿಗಿಸಿಕೊಂಡಳು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಹೊರಗೆ ಯಾರೋ “ಉಹ್ಹು” ಎಂದು ಕೆಮ್ಮಿದರು. ಗಂಗವ್ವನ ಕೈ ಸೊಂಟಕ್ಕೆ ಹೋಯಿತು, ಸೆರಗು ಕಿತ್ತಿತು, ಪಟ್ಟಾದ ಪಕ್ಕದಲ್ಲೇ ಗಾಳಿಗೆ ಹರವಿ ತಲೆಯ ಮೇಲೆ ಎಳೆದುಕೊಂಡಿತು. ಬಾಗಿಲಲ್ಲಿ ಶಂಕ್ರಪ್ಪ ನಿಂತಿದ್ದ.

ನಮ್ಮ ಕಡೆಯ ಮನೆಗಳಲ್ಲಿ ಇದು ರೂಢಿ, ನಿಮಗೂ ಗೊತ್ತಿರಬಹುದು. ಮಾವನಾದವನು ಒಳಗೆ ಬರುವ ಮುಂಚೆ ಪಡಸಾಲೆಯಲ್ಲೇ ಒಮ್ಮೆ ಕೆಮ್ಮುತ್ತಾನೆ. ಸೊಸೆ ತಲೆಯ ಮೇಲೆ ಸೆರಗು ಹೊದೆಯಲಿ ಎಂದು ಅವಳಿಗೆ ಕೊಡುವ ಸೂಚನೆ ಅದು. ಮರ್ಯಾದಸ್ಥರ ಲಕ್ಷಣ. ಅಡುಗೆ ಮನೆಯಲ್ಲಿ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಗಿರಣಿಯಲ್ಲಿ ಅದೇ ಕೆಮ್ಮು ಹೆಣ್ಣಿನ ಕೊರಳಿಗೆ ಬರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ನಾನು ಊರೂರಿಗೆ ಹೋಗಿ ಹೆಂಗಸರಿಗೆ ಪಾಠ ಹೇಳಿದ್ದೇ ಹೇಳಿದ್ದು. ಕೆಮ್ಮುವ ಗಂಡಸರಿಗೆ ಒಂದು ಮಾತು ಹೇಳಿರಲಿಲ್ಲ.

ಅವತ್ತೇ ಕಟ್ಟೆಯ ಮೇಲೆ ಕೂತು ಶಂಕ್ರಪ್ಪನಿಗೆ ಎಲ್ಲ ಹೇಳಿದೆ. ಟೆಂಪೋದ ಹೆಣ್ಣುಮಗಳ ಕಥೆಯನ್ನೂ ಹೇಳಿದೆ.

“ಖರೇ ಐತಿ. ಇನ್ನ ನಾ ಒಳಗ ಬರೂದಿಲ್ಲ ತಗೀರಿ” ಎಂದ.

“ಕೆಮ್ಮೂದು?”

“ಅದು ನನ್ನ ಕೈಯಾಗ ಐತೇನ್ರಿ ಅಕ್ಕಾರ?”

ಅವನ ಕೈಯಲ್ಲಿ ಇರಲಿಲ್ಲ. ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದ ಎದೆ ಅದು. ಸೂಚನೆಯ ಕೆಮ್ಮು ನಿಲ್ಲಿಸಬಹುದಿತ್ತು, ನಿಜವಾದ ಕೆಮ್ಮು ಹೇಳಿ ಕೇಳಿ ಬರುವುದಿಲ್ಲವಲ್ಲ. ಪಾಪ, ವಸ್ತ್ರದ ತುದಿ ಬಾಯಿಗೆ ತುರುಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಒಮ್ಮೆ ನಾಲ್ಕು ಮಂದಿಯ ಮುಂದೆಯೇ, “ಗಂಗವ್ವಾ, ಗಿರಣ್ಯಾಗ ನನ್ನ ಮುಂದ ತಲಿ ಮ್ಯಾಲೆ ಸೆರಗು ಹೊರಬ್ಯಾಡ” ಎಂದೂ ಕೂಗಿ ಹೇಳಿದ. ಅಂಥ ಮನೆತನದವನು ಅಷ್ಟು ಹೇಳಿದ್ದೇ ದೊಡ್ಡದು. ಗಂಗವ್ವ ತಲೆದೂಗಿದಳು. ತಲೆದೂಗುವಾಗಲೂ ಸೆರಗು ಎಳೆದುಕೊಂಡಳು. ಮದುವೆಯಾದಂದಿನಿಂದ ಪಳಗಿದ ಕೈ, ಅದು ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ.

“ಏನ್ ಮಾಡ್ಲಿರೀ ಅಕ್ಕಾರ, ಕೈ ತಾನಾ ಹೋಕ್ಕೈತಿ” ಎಂದು ನನ್ನ ಮುಂದೆ ಅತ್ತಳು. ಅವಳಿಗೂ ಈಗ ಅಂಜಿಕೆ ಹುಟ್ಟಿತ್ತು. ಪಟ್ಟಾಕ್ಕೆ ತನ್ನ ಗುರುತಿದೆ ಎನ್ನುವುದನ್ನು ಬಿಟ್ಟಿದ್ದಳು. ಅಂಜಿಕೆ ಹುಟ್ಟಿಸಿದವಳು ನಾನು, ಉಪಾಯವನ್ನೂ ನಾನೇ ಹುಡುಕಬೇಕಿತ್ತು.

ಉಪಾಯ ಹೊಳೆದದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಬಸ್ಸಿಗೆ ಕಾಯುತ್ತಾ ಕೂತಾಗ. ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿ, ತಲೆಗೆ ವಸ್ತ್ರ ಬಿಗಿದು ಕೂತಿದ್ದರು. ಸೆರಗೆಲ್ಲ ಅಂಗಿಯೊಳಗೆ. ತಲೆಯ ಮೇಲೆ ಬಟ್ಟೆ ಮೊದಲೇ ಇದೆ. ಇದಕ್ಕಿಂತ ಇನ್ನೇನು ಬೇಕು? ಗಂಗವ್ವನ ಕೈ ಹೋದರೆ ಹೋಗಲಿ, ತಲೆಯ ಬಟ್ಟೆ ಮುಟ್ಟಿ ತಿರುಗಿ ಬರುತ್ತದೆ! ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ. ಪಕ್ಕದ ಅಜ್ಜಿ ಸ್ವಲ್ಪ ಸರಿದು ಕೂತಳು.

ಶಂಕ್ರಪ್ಪ ಮಾತ್ರ ನಗಲಿಲ್ಲ. ಮುಖ ಕೆಂಪಗಾಯಿತು.

“ನಮ್ಮ ಮನಿ ಸೊಸಿ ಕೂಲಿಯಾಕಿ ಹಂಗ ಗಂಡಸರ ಅಂಗಿ ತೊಟಗೊಂಡು ನಿಂದ್ರಬೇಕಾ? ಊರ ಮಂದಿ ನನ್ನ ಮಾರಿ ಮ್ಯಾಲೆ ಉಗಳಲಿ ಅಂತೀರೇನು? ಸಾಕ್ರಿ ಅಕ್ಕಾರ. ನಿಮ್ಮ ಸೂಜಿ ಔಷಧ ನೋಡಿಕೊಳ್ರಿ.”

ನನಗೂ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಎತ್ತಿಕೊಂಡು ಬಂದೆ. ಹಾಳಾಗಿ ಹೋಗಲಿ ಎಂದುಕೊಂಡೆನಾದರೂ ಮನಸ್ಸು ಹಾಳಾಗಲು ಬಿಡಲಿಲ್ಲ. ಆ ದಿನಗಳಲ್ಲಿ ಎಲ್ಲಿ ಟೆಂಪೋ ಸದ್ದು ಕೇಳಿದರೂ ಕೈಯ ಕೆಲಸ ನಿಲ್ಲುತ್ತಿತ್ತು, ಅದು ಕೇಂದ್ರದ ಮುಂದೆ ನಿಲ್ಲದೆ ಮುಂದೆ ಹೋಗುವತನಕ ಉಸಿರು ಬಿಡುತ್ತಿರಲಿಲ್ಲ.

ನಾಗರ ಪಂಚಮಿ ಬಂತು. ಉಂಡಿಯ ಹಬ್ಬ, ಹಿಟ್ಟಿನ ಹಬ್ಬ. ಗಿರಣಿಯ ಮುಂದೆ ಬಾಗಿಲಿಂದ ರಸ್ತೆತನಕ ಪಾಳಿ. ಗಂಗವ್ವನನ್ನು ತವರಿಗೆ ಕರೆಯಲು ಅಣ್ಣ ಬಂದಿದ್ದ. ಗದ್ದಲ ಮುಗಿಯಲಿ ಎಂದು ಮಾವ ತಡೆದಿದ್ದ. ಅಣ್ಣ ತಂದ ಇಳಕಲ್ಲ ಸೀರೆಯನ್ನು ಅವಳು ಪೆಟ್ಟಿಗೆಯಲ್ಲಿಟ್ಟು, ಉಟ್ಟು ಉಟ್ಟು ಸವೆದ ಹತ್ತಿ ಸೀರೆಯಲ್ಲೇ ಕೆಲಸಕ್ಕೆ ನಿಂತಿದ್ದಳು. ನಾನು ಊರಿಗೆ ಬಂದದ್ದು ಲಸಿಕೆಗೆ. ಗಿರಣಿಯ ಕಡೆ ಹೋಗಬಾರದು ಎಂದುಕೊಂಡಿದ್ದೆ. ಕಾಲುಗಳು ಅಲ್ಲಿಗೇ ಕರೆದುಕೊಂಡು ಹೋದವು.

ಒಳಗೆ ಹಿಟ್ಟಿನ ಮಬ್ಬು. ಹೆಂಗಸರ ಮಾತು, ಇಂಜಿನ್ನಿನ ಸದ್ದು. ಗಂಗವ್ವ ನನ್ನನ್ನು ಕಂಡು ನಕ್ಕಳು, ಸೊಂಟಕ್ಕೆ ಸಿಗಿಸಿದ ಸೆರಗನ್ನು ತಟ್ಟಿ ತೋರಿಸಿದಳು. ಆಗ ಹೊರಗೆ ಕಟ್ಟೆಯ ಮೇಲೆ ಶಂಕ್ರಪ್ಪನಿಗೆ ಕೆಮ್ಮು ಹತ್ತಿತು. ವಸ್ತ್ರ ತುರುಕಿ ಅದುಮಿದ್ದ ಕೆಮ್ಮು ಒಮ್ಮೆಲೇ ಒಡೆದು ಬಂತು. ಗಂಗವ್ವನ ನಗು ಮುಖದಲ್ಲಿ ಹಾಗೇ ಇತ್ತು, ಕೈ ಮಾತ್ರ ಎದ್ದಿತು.

“ಬ್ಯಾಡಾ! ಗಂಗವ್ವಾ!” ಎಂದು ಚೀರಿದೆ.

ಸೆರಗು ಹರವಿತು. ಪಟ್ಟಾ ಅದರ ಅಂಚು ಮುಟ್ಟಿತು. ಮರುಗಳಿಗೆಯಲ್ಲಿ ಸೆರಗು ಗಾಲಿಯಲ್ಲಿತ್ತು, ಗಂಗವ್ವ ಓಡುವವಳಂತೆ ಅದರ ಕಡೆ ಹೋಗುತ್ತಿದ್ದಳು. ನಾನು ಅವಳ ಸೊಂಟ ತಬ್ಬಿ ಹಿಂದಕ್ಕೆ ಬಿದ್ದೆ. ಇಬ್ಬರನ್ನೂ ಅದು ಎಳೆಯಿತು. ಅವಳ ಮುಖ ಗಾಲಿಗೆ ಒಂದು ಗೇಣು ಇರುವಾಗ ಪರ್ರ್ ಎಂದು ಹಳೆಯ ಸೀರೆ ಹರಿಯಿತು. ಇಬ್ಬರೂ ಹಿಟ್ಟಿನ ಮೇಲೆ ಅಂಗಾತ ಬಿದ್ದೆವು. ಹರಿದ ಸೆರಗು ಗಾಲಿಯ ಮೇಲೆ ಪಟಪಟ ಬಡಿಯುತ್ತಲೇ ಇತ್ತು. ಹೊಸ ಇಳಕಲ್ಲ ಸೀರೆ ಉಟ್ಟಿದ್ದರೆ ಅದು ಹರಿಯುತ್ತಿರಲಿಲ್ಲ.

ಇಂಜಿನ್ನು ನಿಂತಿತು. ನಿಲ್ಲಿಸಿದವನು ಶಂಕ್ರಪ್ಪ. ಮಂಡಿನೋವಿನ ಮನುಷ್ಯ ಅದು ಹೇಗೆ ಓಡಿ ಬಂದನೋ. ಗಂಗವ್ವ ಎದ್ದು ಕೂತಳು. ಮಾವನನ್ನು ಕಂಡಳು. ಆಗ, ನಾನು ಸಾಯುವತನಕ ಮರೆಯದ ಒಂದು ಕೆಲಸ ಮಾಡಿದಳು. ಉಳಿದಿದ್ದ ಸೆರಗಿನ ಚಿಂದಿಯನ್ನು ತಲೆಯ ಮೇಲೆ ಎಳೆದುಕೊಳ್ಳಲು ನೋಡಿದಳು. ಅದು ಕಿವಿಯವರೆಗೂ ಬರಲಿಲ್ಲ. ಮತ್ತೆ ಎಳೆದಳು.

ಶಂಕ್ರಪ್ಪ ಅದನ್ನು ನೋಡಿದ. ಗಿರಕ್ಕನೆ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗಾಡುತ್ತಿತ್ತು, ಕೆಮ್ಮೋ ಅಳುವೋ ತಿಳಿಯಲಿಲ್ಲ. ನೋಡ ನೋಡುತ್ತಿದ್ದಂತೆ ಮೈಮೇಲಿನ ಬಿಳಿ ಅಂಗಿ ಬಿಚ್ಚಿದ. ತಲೆಯ ವಸ್ತ್ರ ಬಿಚ್ಚಿದ. ತಿರುಗದೆಯೇ ಎರಡನ್ನೂ ಹಿಂದಕ್ಕೆ ಚಾಚಿದ. ನಮ್ಮ ಕಡೆ ಅಂಥ ಹಿರಿಯರು ಹೆಣ್ಣುಮಕ್ಕಳೆದುರು ಬರಿತಲೆಯಲ್ಲಿ ನಿಲ್ಲುವುದಿಲ್ಲ. ಅವತ್ತು ಪಾಳಿಯಲ್ಲಿ ಇಡೀ ಊರಿನ ಹೆಣ್ಣುಮಕ್ಕಳಿದ್ದರು.

“ಅಕ್ಕಾರ, ಆಕಿಗೆ ಇದನ್ನ ತೊಡಸ್ರಿ. ತಲಿ ಬಿಗದು ಕಟ್ರಿ. ಯಾರರ ನಕ್ಕರ ನನ್ನ ನೋಡಿ ನಗಲಿ.”

ಯಾರೂ ನಗಲಿಲ್ಲ. ನಾನು ಗಂಗವ್ವನಿಗೆ ಅಂಗಿ ತೊಡಿಸಿ ಗುಂಡಿ ಹಾಕಿದೆ. ಸಂಜೆಯ ಹೊತ್ತಿಗೆ ಅವನು ಅವಳನ್ನು ಅಣ್ಣನ ಜತೆ ತವರಿಗೆ ಕಳಿಸಿದ. ಹಬ್ಬದ ಗಿರಣಿ ಬಂದ್ ಆಯಿತು. ಅವಳು ತಿರುಗಿ ಬರುವುದರೊಳಗೆ ಪಟ್ಟಾದ ಸುತ್ತ ಕಟ್ಟಿಗೆಯ ಕಟಾಂಜನದ ಬೇಲಿಯೂ ಎದ್ದಿತ್ತು. ಮುಂದೆ ನಾನು ಯಾವ ಊರಿಗೆ ಹೋದರೂ ಮೊದಲು ಗಿರಣಿಯ ಯಜಮಾನನನ್ನು ಕೂರಿಸಿಕೊಂಡು ಮಾತಾಡುತ್ತಿದ್ದೆ, ನನ್ನ ಜತೆ ಶಂಕ್ರಪ್ಪನೂ ಬರುತ್ತಿದ್ದ. ನನಗಿಂತ ಅವನ ಮಾತಿಗೆ ಬೆಲೆ. ಇತ್ತ ಗಿರಣಿಯಲ್ಲಿ ಕೆಮ್ಮು ಕೇಳಿದಾಗಲೆಲ್ಲ ಗಂಗವ್ವನ ಕೈ ಏಳುತ್ತಿತ್ತು, ವಸ್ತ್ರ ಮುಟ್ಟುತ್ತಿತ್ತು, ಸುಮ್ಮನೆ ಕೆಲಸಕ್ಕೆ ತಿರುಗುತ್ತಿತ್ತು. ಶಂಕ್ರಪ್ಪ ತೀರಿಕೊಂಡ ಮೇಲೂ ಅವಳು ಅಂಗಿ ಬಿಡಲಿಲ್ಲ ಎಂದು ಕೇಳಿದ್ದೇನೆ.

ಇರಲಿ, ನನ್ನ ಡಬ್ಬಿಯ ಕಥೆಗೆ ಬರೋಣ. ಕೆಮ್ಮಿ ತಿರುಗಿ ಬಂದವಳು ಆ ನಗುವ ಹುಡುಗಿಯನ್ನು ನೋಡಿದೆ. ಈಗ ಕರೆಂಟಿನ ಗಿರಣಿ, ತಲೆಯ ಮೇಲೆ ಸೆರಗು ಹೊದೆಯುವ ಕಾಟವಿಲ್ಲ. ಆದರೆ ಅವಳ ಚೂಡಿದಾರದ ಓಢಣಿಯ ಎರಡೂ ತುದಿ ಇಳಿಬಿದ್ದು ತೂಗುತ್ತಿದ್ದವು, ಅದರ ಹಿಂದೆಯೇ ಬೆಲ್ಟು ಓಡುತ್ತಿತ್ತು.

“ಓಢಣಿ ತಗದಿಡವಾ ತಂಗಿ” ಎಂದೆ.

“ದಿನಾ ಇಲ್ಲೇ ಇರ್ತೇನ್ರಿ ಆಂಟಿ. ಏನೂ ಆಗೂದಿಲ್ಲ.”

ಇಷ್ಟು ವರ್ಷ ಕಳೆದರೂ ಅದೇ ಮಾತು! ಅವಳ ಜತೆ ವಾದಕ್ಕೆ ನಿಲ್ಲಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನನ ಎದುರು ಹೋಗಿ ಡಬ್ಬಿ ಎದೆಗವಚಿಕೊಂಡು ನಿಂತೆ.

“ಮೊದಲ ಬೆಲ್ಟ್ ನಿಂದರಸ್ರಿ. ನಿಮ್ಮದೊಂದು ಅಂಗಿ ಇದ್ರ ಆ ಹುಡಿಗಿಗೆ ಕೊಡ್ರಿ. ಅಲ್ಲೀತನಾ ನಾ ಹೋಗೂದಿಲ್ಲ, ಪಾಳಿನೂ ಬಿಡೂದಿಲ್ಲ.”

ಹಿಂದಿನವರು ಗೊಣಗಿದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಯಾರೋ ಅಂದದ್ದೂ ಕೇಳಿಸಿತು. ಯಜಮಾನ ನನ್ನನ್ನು ನೋಡಿದ, ಹುಡುಗಿಯ ಓಢಣಿಯನ್ನು ನೋಡಿದ, ಮತ್ತೊಮ್ಮೆ ಓಢಣಿಯನ್ನೇ ನೋಡಿದ. ಎದ್ದು ಸ್ವಿಚ್ಚು ಒತ್ತಿದ. ಮೊಳೆಗೆ ತೂಗಿಹಾಕಿದ್ದ ತನ್ನ ಅಂಗಿ ತೆಗೆದು ಕೊಟ್ಟ. ಹುಡುಗಿ ಮುಖ ಊದಿಸಿಕೊಂಡು ತೊಟ್ಟಳು. ಒಂದೊಂದೇ ಗುಂಡಿ ಹಾಕುವುದನ್ನು ನಿಂತು ನೋಡಿದೆ.

ಆಮೇಲೆ ಬೆಲ್ಟು ಓಡಿತು. ನಾನು ಆ ಬಾಗಿಲಲ್ಲೇ ನಿಂತು, ಗಂಟಲು ಬಿಚ್ಚಿ, ಜೋರಾಗಿ ಕೆಮ್ಮಿದೆ.