ಮೂಡಲಕ್ಕೆ ಮುಖ ಮಾಡಿದ ವ್ಯಾನು

ಮೊನ್ನೆ ಬಾಗಲಕೋಟೆ ನವನಗರದ ನಮ್ಮ ಮನೆಯ ಬಚ್ಚಲಿಗೆ ಗ್ಯಾಸ್ ಗೀಸರ್ ಕೂಡಿಸಿದರು. ಇವತ್ತು ಕಾದ ತಾಮ್ರದ ವಾಸನೆ ಬಂತು ನೋಡಿ, ಟವೆಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಜಳಕ ಬಿಟ್ಟು ಹೀಗೆ ನೆನಪು ತೆಗೆಯುತ್ತ ನಿಲ್ಲುವುದು ನನಗೆ ಹಳೆಯ ಚಟ. ನೀವೂ ಒಂದಿಷ್ಟು ನಿಲ್ಲಿ.

ಎಂಬತ್ತರ ದಶಕದ ಮಾತು. ನಾನಾಗ ಹುನಗುಂದದಲ್ಲಿ ಹೊಸ ಟೀಚರು. ಅಪ್ಪ ಹಳೇ ಬಾಗಲಕೋಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅವ್ವನಿಗೆ ಒಮ್ಮೆ ಶ್ರೀಶೈಲ ನೋಡುವ ಆಸೆ. ಆದರೆ ಜಳಕ ಮಾಡಿ, ಮೂಡಲಕ್ಕೆ ಮುಖ ಮಾಡಿ ಕೂತು, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವತನಕ ಅವಳು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಸಂಧಿವಾತದ ಮೈಗೆ ತಣ್ಣೀರು ಆಗುತ್ತಿರಲಿಲ್ಲ, ಮೊಣಕಾಲು ಮಡಚಿ ನೆಲಕ್ಕೆ ಕೂಡಲೂ ಬರುತ್ತಿರಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಬಿಸಿನೀರು, ಬೆಚ್ಚಗಿನ ಮೂಲೆ ಯಾರು ಕೊಡಬೇಕು?

ಅಪ್ಪ ಕೊಡಲು ಹೊರಟ. ಗುಜರಿಯಿಂದ ಹಳೆಯ ವ್ಯಾನೊಂದನ್ನು ಎಳೆತಂದು ಹಿತ್ತಲಲ್ಲಿ ನಿಲ್ಲಿಸಿದ. ಒಳಗೆ ತಗಡಿನ ಬಚ್ಚಲು, ಮೇಲೆ ನೀರಿನ ಟಾಕಿ, ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಗ್ಯಾಸ್ ಸಿಲಿಂಡರ್. ಉರಿಯ ಮೇಲೆ ಸುರುಳಿ ಸುತ್ತಿದ ತಾಮ್ರದ ಕೊಳವೆ. ಅದರಲ್ಲಿ ಕಾದ ನೀರು ಅವ್ವನ ಹಾಸಿಗೆಯ ಬದಿಯನ್ನು ಬೆಚ್ಚಗೆ ಮಾಡಿ ಬಚ್ಚಲಿಗೆ ಹೋಗುತ್ತಿತ್ತು. ಸಿಲಿಂಡರ್ ಮಾತ್ರ ನಮ್ಮ ಅಡುಗೆಮನೆಯದು. ಗ್ಯಾಸಿನ ಮನೆಯವಳೆಂದು ಮೆರೆಯುತ್ತಿದ್ದ ನಾನು ರಜೆಗೆ ಬಂದಾಗ ಮತ್ತೆ ಒಲೆ ಊದಿದೆ.

“ಈ ಮನಷ್ಯಾಗ ಮನಿ ಮರತ ಹೋಗೇತಿ,” ಎಂದು ಅವ್ವ ಬೈಯುತ್ತಿದ್ದಳು. ಬೈದು, ಕೋಲೂರಿಕೊಂಡು ಮತ್ತೆ ಮತ್ತೆ ಹಿತ್ತಲಿಗೆ ಹೋಗಿ ನೋಡುತ್ತಿದ್ದಳು.

ಕೊನೆಗೆ ಪೂಜೆಯ ಜಾಗ. ಅಪ್ಪ ಸೂರ್ಯ ಹುಟ್ಟುವುದನ್ನು ಕಾದು, ಅವ್ವನ ಮುಖ ಸರಿಯಾಗಿ ಮೂಡಲಕ್ಕೆ ಬರುವಂತೆ ಕುರ್ಚಿಯನ್ನೂ ಅದರ ಮುಂದಿನ ಹಲಗೆಯನ್ನೂ ಬೆಸುಗೆ ಹಾಕಿ ಕೂಡಿಸಿದ. ಎಲ್ಲರೂ ಮೆಚ್ಚಿದೆವು. ವ್ಯಾನು ಹಿತ್ತಲು ಬಿಟ್ಟು ಹೋಗುವಂಥದ್ದು ಎಂಬುದು ಟೀಚರಾದ ನನಗೂ ಹೊಳೆಯಲಿಲ್ಲ.

ಮೊದಲು ಪರೀಕ್ಷೆಗೆಂದು ಬಾದಾಮಿಗೆ ಹೋದೆವು. “ಅಲ್ಲಿ ನಡದ್ರ ಶ್ರೀಶೈಲ. ಇಲ್ಲಂದ್ರ ನಾ ಮತ್ತ ಆ ಮಾತ ಎತ್ತಂಗಿಲ್ಲ,” ಎಂದು ಅವ್ವ ಹೊರಡುವಾಗಲೇ ಹೇಳಿದ್ದಳು. ಹೊಂಡದ ಬಳಿ ವಸ್ತಿ ಮಾಡಿದೆವು. ಬೆಳಗಿನ ಥಂಡಿಯಲ್ಲಿ ಅವ್ವ ಹಬೆಯಾಡುವ ನೀರಿನಲ್ಲಿ ಜಳಕ ಮಾಡಿ, ಮೈ ಹಗುರಾಯಿತೆಂದು ಹಿಗ್ಗುತ್ತ ಬಂದು ಕುರ್ಚಿಯಲ್ಲಿ ಕೂತಳು. ಬೆಳಕು ಬೆನ್ನ ಹಿಂದಿನಿಂದ ಬಂತು. ಅವಳ ಮುಖ ಸಪ್ಪಗಾಯಿತು.

“ಇದು ಪಡುವಲ ಅಲ್ರಿ?”

ಅಪ್ಪ ತಲೆ ಕೆರೆದುಕೊಂಡ. ವ್ಯಾನು ತಿರುಗಿಸೋಣವೆಂದರೆ ಥಂಡಿಗೆ ಇಂಜಿನ್ನು ಏಳಲೊಲ್ಲದು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರಿಗೆ ನಾನೇ ಹೋಗಿ ಹೇಳಿದೆ. “ಹಿರೇ ಜೀವ ಉಪಾಸ ಕುಂತೈತಿ, ಬರ್ರೆವ್ವಾ ನೂಕೂಣು!” ಎಂದು ಒಬ್ಬಾಕೆ ಸೆರಗು ಸಿಕ್ಕಿಸಿದಳು. ಎಲ್ಲರೂ ಕೈಹಚ್ಚಿದರು. ಅಪ್ಪ ಸ್ಟೀರಿಂಗ್ ತಿರುವಿದ. ಅವ್ವ ಒಳಗಿಂದಲೇ ನಗುತ್ತ, “ಇನ್ನೊಂಚೂರು... ಹಾಂ, ಸಾಕ್ರೆವ್ವಾ!” ಎಂದು ಕೂಗಿದಳು. ಹೆಸರು ಕೇಳುವುದರೊಳಗೆ ಅವರು ಒಗೆಯಲು ಹೋಗಿಬಿಟ್ಟಿದ್ದರು. ಎಲ್ಲಿದ್ದರೂ ಅವರು ತಣ್ಣಗಿರಲಿ.

ಶ್ರೀಶೈಲದ ದಾರಿಯುದ್ದಕ್ಕೂ ಅಪ್ಪ ದಿಕ್ಕು ನೋಡಿಯೇ ವ್ಯಾನು ನಿಲ್ಲಿಸಿದ. ಅಲ್ಲಿ ಮುಟ್ಟಿದ ದಿನ ಮಾತ್ರ ನಮ್ಮ ಹಿಂದೆ ಮುಂದೆ ಬರೀ ಗಾಡಿಗಳು, ಅಲುಗಾಡಲೂ ಜಾಗವಿಲ್ಲ. ಅವ್ವ ಜಳಕ ಮುಗಿಸಿ ಕೂತಾಗ ಎದುರಿಗಿದ್ದದ್ದು ಮೂಡಲವಲ್ಲ. ಕೆಳಗೆ ಕುಕ್ಕರಗಾಲಲ್ಲಿ ಕೂತು ನಲ್ಲಿ ಬಿಗಿಮಾಡುತ್ತಿದ್ದ ಅಪ್ಪ. ಅವನು ಗಾಬರಿಯಿಂದ ಎದ್ದ. “ತಡಿ, ಯಾರನ್ನರ ಕರೀತೇನಿ.”

“ಎಲ್ಲಿಗೆ ಹೊಂಟ್ರಿ? ಕುಂದರ್ರಿ,” ಎಂದಳು ಅವ್ವ. “ಇಲ್ಲಿತನಕ ಕರಕೊಂಡ ಬಂದೀರಿ. ಇವತ್ತ ನೀವು ಕುಂತ ಕಡೆನ ನನಗ ಮೂಡಲ.”

ಅಪ್ಪ ಕೂತ. ಅವ್ವ ಪೂಜೆ ಮುಗಿಸಿ ಮೊದಲ ಗುಟುಕು ನೀರು ಕುಡಿಯುವತನಕ ಅಲ್ಲಾಡಲಿಲ್ಲ.

ಈಗ ಇಬ್ಬರೂ ಇಲ್ಲ. ಆ ಹಿತ್ತಲೂ ಅಣೆಕಟ್ಟಿನ ಹಿನ್ನೀರಿನಡಿ ಹೋಯಿತು. ಅಂಥವರ ಮಗಳಾದೆನಲ್ಲ, ಅದಕ್ಕಿಂತ ಹೆಚ್ಚು ಬೇಡಲು ನನಗೆ ತೋಚಿಲ್ಲ. ಇವತ್ತು ಜಳಕ ಮುಗಿಸಿ ಬಂದವಳು ಪೂಜೆಯ ಮಣೆಯನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಹಾಕಿಕೊಂಡೆ. ಯಜಮಾನರು ಅಲ್ಲಿ ಚಹಾ ಕುದಿಸುತ್ತಿದ್ದರು.

“ಯಾಕ, ಇವತ್ತ ಈ ಕಡೆ?” ಎಂದರು.

“ಹೇಳ್ತೇನಿ. ಪೂಜಿ ಮುಗಿಯೂತನಕ ಅಲ್ಲೇ ನಿಂದರ್ರಿ,” ಎಂದೆ.